ಬಿಟ್ಟರೂ ಬಿಡದ ಬ್ರೇಕ್

ಕಾರಿನ ರಿಪೇರಿಯ ಬಗ್ಗೆ ಮನೆಯಲ್ಲಿರುವ ಮಹಿಳೆಯೊಬ್ಬಳು ಬರೆಯುವುದೇನಿದೆ ಎಂದು ಕೆಲವರಿಗೆ ಅನಿಸಬಹುದು. ಒಂದು ಕಾಲದಲ್ಲಿ ನನಗೂ ಹಾಗೆಯೇ ಅನಿಸುತ್ತಿತ್ತು. ಕಾರೆಂದರೆ ಗಂಡಸರ ವಿಷಯ, ನಾವು ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೂತರಾಯಿತು ಎಂಬುದು ನನ್ನ ಭಾವನೆಯಾಗಿತ್ತು. ಆದರೆ ಅಗತ್ಯ ಎಲ್ಲವನ್ನೂ ಕಲಿಸುತ್ತದೆ. ನನ್ನ ಪತಿ ದಮ್ಮಾಮಿನಲ್ಲಿ ದುಡಿಯುತ್ತಿದ್ದರು. ಇಲ್ಲಿ ಮನೆಯಲ್ಲಿ ನಾನು, ಇಬ್ಬರು ಮಕ್ಕಳು ಮತ್ತು ಮಾಮಿ, ಅಂದರೆ ನನ್ನ ಪತಿಯ ತಾಯಿ. ಮಾಮಿಯ ಎರಡೂ ಕಿಡ್ನಿಗಳು ಸೋತಾಗ ಸೋಮವಾರ ಮತ್ತು ಗುರುವಾರ ಉಪ್ಪಿನಂಗಡಿಯಿಂದ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಹೋಗಿ ಬರಲು ನೂರು ಕಿಲೋಮೀಟರಿಗೂ ಹೆಚ್ಚು. ವಾರಕ್ಕೆರಡು ಸಲ ಬಾಡಿಗೆ ಕಾರು ಮಾಡುವಷ್ಟು ಶಕ್ತಿ ನಮ್ಮಲ್ಲಿರಲಿಲ್ಲ. ಹಾಗಾಗಿ 2016ರಲ್ಲಿ ನಾನು ಡ್ರೈವಿಂಗ್ ಕಲಿತೆ. ಅಂಗಳದಲ್ಲಿ ಧೂಳು ತಿನ್ನುತ್ತಿದ್ದ 2007ರ ಮಾಡೆಲ್‌ನ ಆಲ್ಟೊ ನನ್ನ ಕೈಗೆ ಬಂತು.

ನಾನು ಹೇಳಹೊರಟಿರುವುದು 2018ರ ಮಳೆಗಾಲ ಮುಗಿದ ಮೇಲೆ ನಡೆದ ಘಟನೆ. ಆ ವರ್ಷದ ಮಳೆಯನ್ನು ನಮ್ಮೂರಿನವರು ಮರೆಯಲಾರರು. ಮಳೆ ನಿಂತಾಗ ಹೆದ್ದಾರಿಯಲ್ಲಿ ರಸ್ತೆಗಿಂತ ಹೊಂಡಗಳೇ ಹೆಚ್ಚಾಗಿದ್ದವು. ಬಿ.ಸಿ.ರೋಡಿನಿಂದ ಈಚೆಗೆ ಚತುಷ್ಪಥ ಕಾಮಗಾರಿಯೂ ಅರ್ಧಂಬರ್ಧವಾಗಿ ನಿಂತಿತ್ತು. ನಮ್ಮ ಆಲ್ಟೊ ಪ್ರತಿ ಹೊಂಡಕ್ಕೂ 'ಕಟಕಟ' ಎಂದು ಸದ್ದು ಮಾಡತೊಡಗಿತು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಮಲಗಿದ ಮಾಮಿ ಪ್ರತಿ ಕುಲುಕಾಟಕ್ಕೂ "ಯಾ ಅಲ್ಲಾಹ್" ಎಂದು ನರಳುತ್ತಿದ್ದರು.

ನಮ್ಮ ಮನೆಯ ಹತ್ತಿರ ಒಂದು ಸಣ್ಣ ಗ್ಯಾರೇಜಿದೆ. ತಗಡಿನ ಮಾಡು, ಒಂದು ಹಲಸಿನ ಮರ, ಎರಡು ಗಾಡಿ ನಿಲ್ಲುವಷ್ಟು ಜಾಗ. ಅದನ್ನು ನಡೆಸುವ ಹಿರಿಯರನ್ನು ಊರಿಗೆ ಊರೇ 'ಕಾಕ' ಎಂದು ಕರೆಯುತ್ತದೆ. ನಾನೂ ಹಾಗೆಯೇ ಕರೆಯುವುದು. ಅವರ ಜೊತೆ ಕೆಲಸ ಕಲಿಯಲು ಒಬ್ಬ ಹುಡುಗನಿದ್ದ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ತಂದೆ ಇಲ್ಲ. ತಾಯಿ ಬೀಡಿ ಕಟ್ಟಿ ಸಾಕಿದ ಹುಡುಗ. ಕಾಕ ಕಾರನ್ನು ಓಡಿಸಿ ನೋಡಿ, "ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿದೆ ಮಗಳೇ. ಲೋವರ್ ಆರ್ಮಿನ ಬುಷ್ ಕೂಡಾ ಹರಿದಿದೆ" ಎಂದರು. ಒಂದು ಶನಿವಾರ ಬೆಳಿಗ್ಗೆ ಗಾಡಿ ಬಿಟ್ಟೆ. ಮಗ್ರಿಬ್‌ಗೆ ಮೊದಲೇ ಸಿಕ್ಕಿತು. ಸದ್ದು ಪೂರ್ತಿ ನಿಂತಿತ್ತು. ನಾನು ಖುಷಿಯಿಂದ ಹಣ ಕೊಟ್ಟು ಮನೆಗೆ ಬಂದೆ.

ಸೋಮವಾರ ಮಂಗಳೂರಿಗೆ ಹೊರಟಾಗ ಏನೋ ವ್ಯತ್ಯಾಸ ಕಾಣಿಸಿತು. ಕಾರು ಹಗುರವಾಗಿ ಓಡುತ್ತಿರಲಿಲ್ಲ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ನಿಧಾನವಾಗುತ್ತಿತ್ತು. ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಹೊಸ ಸಾಮಾನು ಹಾಕಿದ್ದಾರಲ್ಲ, ಹೊಂದಿಕೊಳ್ಳಲು ಸಮಯ ಬೇಕೇನೋ ಎಂದುಕೊಂಡೆ. ಹ್ಯಾಂಡ್ ಬ್ರೇಕ್ ಬಿಡಲು ಮರೆತೆನೇ ಎಂದು ಎರಡು ಸಲ ಮುಟ್ಟಿ ನೋಡಿದೆ. ಬಿಟ್ಟೇ ಇತ್ತು.

ಸಂಜೆ ಮರಳುವಾಗ ಕಲ್ಲಡ್ಕ ದಾಟಿದ ಮೇಲೆ ಸುಟ್ಟ ವಾಸನೆ ಬಂತು. ಮಾಣಿಯ ಹತ್ತಿರ ಎದುರಿನ ಬಸ್ಸು ನಿಂತಾಗ ಬ್ರೇಕ್ ಒತ್ತಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಕೆಳಕ್ಕೆ ಹೋಯಿತು! ಯಾವಾಗಲೂ ಅರ್ಧದಲ್ಲಿ ಹಿಡಿಯುತ್ತಿದ್ದ ಬ್ರೇಕ್ ಅಂದು ತಳ ಮುಟ್ಟುವಷ್ಟರಲ್ಲಿ ಹಿಡಿಯಿತು. ಬಸ್ಸಿಗೂ ನಮಗೂ ನಡುವೆ ಉಳಿದದ್ದು ಒಂದು ಮೊಳ. ಹಿಂದಿನ ಸೀಟಿನಲ್ಲಿ ಮಾಮಿ ಮುಂದಕ್ಕೆ ಜಾರಿ, ಸೂಜಿ ಚುಚ್ಚಿದ ಕೈಯನ್ನು ಎದೆಗೆ ಅವುಚಿಕೊಂಡಿದ್ದರು. ಕಾರನ್ನು ಬದಿಗೆ ನಿಲ್ಲಿಸಿದಾಗ ನನ್ನ ಕಾಲುಗಳು ನಡುಗುತ್ತಿದ್ದವು.

ಎಡಬದಿಯ ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಉಳಿದ ಮೂರು ಚಕ್ರಗಳು ತಣ್ಣಗಿದ್ದವು. ಬಾಟಲಿಯಿಂದ ನೀರು ಸುರಿಯಲು ಹೊರಟೆ. ಅಷ್ಟರಲ್ಲಿ ಅಲ್ಲಿದ್ದ ಆಟೋ ಚಾಲಕರೊಬ್ಬರು ಓಡಿ ಬಂದು, "ಬೇಡ ಅಕ್ಕ, ಕಾದ ಡಿಸ್ಕಿಗೆ ನೀರು ಹಾಕಿದರೆ ಅದು ಬಾಗ್ತದೆ, ಒಡೆದರೂ ಒಡೆದೀತು. ನಿಮ್ಮ ಬ್ರೇಕ್ ಹಿಡಿದಿದೆ. ಹಾಗೇ ತಣಿಯಲು ಬಿಡಿ" ಎಂದರು. ಮಾಮಿಯನ್ನು ಅವರ ಆಟೋದಲ್ಲೇ ಮನೆಗೆ ಕಳಿಸಿದೆ. ನಾನು ಒಂದು ಗಂಟೆ ಕಾದು, ಎರಡನೇ ಗೇರಿನಲ್ಲಿ ತೆವಳುತ್ತಾ ಊರು ಸೇರಿದೆ.

ಆ ಒಂದು ಗಂಟೆ ರಸ್ತೆ ಬದಿಯಲ್ಲಿ ಕೂತು ನಾನು ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ಕಾಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತನಾಡಿದೆ. "ನಿಮ್ಮ ಆ ಹುಡುಗ ಏನು ಮಾಡಿಟ್ಟಿದ್ದಾನೆ? ಮಾಮಿಯ ಜೀವ ಹೋಗುತ್ತಿತ್ತು. ಕೆಲಸ ಗೊತ್ತಿಲ್ಲದವರ ಕೈಗೆ ಗಾಡಿ ಯಾಕೆ ಕೊಡುತ್ತೀರಿ?" ಎಂದೆ. ಅವರು "ಗಾಡಿ ತಾ ಮಗಳೇ, ನೋಡುವ" ಎಂದಷ್ಟೇ ಹೇಳಿದರು. ನಾನು ಫೋನ್ ಕಟ್ ಮಾಡಿದೆ.

ಕೆಡಿಸಿದವನ ಕೈಗೆ ಮತ್ತೆ ಕೊಡಬಾರದು ಎಂದು ನನ್ನ ಮೈದುನ ಹೇಳಿದ. ನನಗೂ ಅದೇ ಸರಿ ಕಂಡಿತು. ಮರುದಿನ ಪೇಟೆಯ ಇನ್ನೊಂದು ಗ್ಯಾರೇಜಿಗೆ ಒಯ್ದೆ. ಅವರು ಬೆಳಿಗ್ಗೆ ಜಾಕಿ ಕೊಟ್ಟು ಚಕ್ರ ತಿರುಗಿಸಿದರು. ಸಲೀಸಾಗಿ ತಿರುಗಿತು! "ಏನೂ ಇಲ್ಲವಲ್ಲ ಮೇಡಂ" ಎಂದರು. ನಾನು ಒತ್ತಾಯಿಸಿದ್ದಕ್ಕೆ ಪ್ಯಾಡ್ ಬಿಚ್ಚಿ ನೋಡಿದರು. ಎಡಬದಿಯ ಪ್ಯಾಡ್ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು. ಹೊಸ ಪ್ಯಾಡ್ ಹಾಕಿ 1,400 ರೂಪಾಯಿ ತೆಗೆದುಕೊಂಡರು. ಮನೆಗೆ ಬರುವಷ್ಟರಲ್ಲಿ ಪುನಃ ಅದೇ ವಾಸನೆ. ಗುರುವಾರ ಮಾಮಿಯನ್ನು ಬಾಡಿಗೆ ಕಾರಿನಲ್ಲಿ ಕರೆದೊಯ್ದೆ. ಶನಿವಾರ ಮತ್ತೆ ಗ್ಯಾರೇಜಿಗೆ ಹೋದಾಗ, "ಹಾಗಾದರೆ ಕ್ಯಾಲಿಪರ್ ಜಾಮ್ ಆಗಿದೆ. ಪೂರ್ತಿ ಸೆಟ್ ಬದಲಿಸಬೇಕು, 4,500 ಆಗುತ್ತದೆ" ಎಂದರು.

ಆ ತಿಂಗಳು ಪತಿಯ ಸಂಬಳ ಇನ್ನೂ ಬಂದಿರಲಿಲ್ಲ. ನಾನು ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಮಾಮಿ ಎಲ್ಲವನ್ನೂ ಕೇಳಿಸಿಕೊಂಡು, "ಕಾಕ ಕೆಡಿಸಿದ್ದೇ ಇರಲಿ. ಆದರೆ ಅವನ ಹತ್ತಿರ ಹೋಗಿ ಕೇಳಿದೆಯಾ? ಬೈಯುವುದು ಬೇರೆ, ಕೇಳುವುದು ಬೇರೆ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾರನ್ನು ನಿಧಾನವಾಗಿ ಓಡಿಸಿಕೊಂಡು ಹಲಸಿನ ಮರದ ಕೆಳಗೆ ನಿಲ್ಲಿಸಿದೆ. ಮುಖ ಎತ್ತಲು ಸಂಕೋಚವಾಗುತ್ತಿತ್ತು. ಕಾಕ ಮಾತ್ರ ಏನೂ ನಡೆಯದವರ ಹಾಗೆ ಸಲಾಮಿಗೆ ಉತ್ತರಿಸಿ, "ಕೂತುಕೋ ಮಗಳೇ" ಎಂದು ಸ್ಟೂಲು ಎಳೆದು ಕೊಟ್ಟರು. ಹುಡುಗ ಕಾಣಿಸಲಿಲ್ಲ. ನಾನು ಕೇಳಲೂ ಇಲ್ಲ.

ಅವರು ಮೊದಲು ಬಂಡಿಗೆ ಕೈ ಹಾಕಲಿಲ್ಲ, ಪ್ರಶ್ನೆ ಕೇಳಿದರು. ಯಾವಾಗ ಹಿಡಿಯುತ್ತದೆ? ಹೊರಟ ಕೂಡಲೇ ಹಿಡಿಯುತ್ತದಾ, ಕೆಲವು ಸಲ ಬ್ರೇಕ್ ಒತ್ತಿದ ಮೇಲಾ? ನಿಲ್ಲಿಸಿಟ್ಟರೆ ತನ್ನಷ್ಟಕ್ಕೆ ಬಿಡುತ್ತದಾ? ಬಿಸಿಯಾಗುವುದು ಒಂದೇ ಚಕ್ರವಾ? ನಾನು ನೆನಪಿಸಿಕೊಂಡು ಹೇಳಿದೆ. ಬೆಳಿಗ್ಗೆ ಹಗುರವಾಗಿರುತ್ತದೆ, ಬ್ರೇಕ್ ಒತ್ತಿ ಒತ್ತಿ ಬಿಗಿಯಾಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸಡಿಲವಾಗುತ್ತದೆ, ಎಡಬದಿಯ ಮುಂದಿನ ಚಕ್ರ ಒಂದೇ. ಅವರು ತಲೆದೂಗಿದರು. "ಮುಂದಿನ ಚಕ್ರವಾದ್ದರಿಂದ ಹ್ಯಾಂಡ್ ಬ್ರೇಕಿನ ದೋಷ ಅಲ್ಲ, ಅದು ಹಿಡಿಯುವುದು ಹಿಂದಿನದ್ದನ್ನು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಎಳೆಯುತ್ತದೆ, ಆದರೆ ಚಕ್ರ ಇಷ್ಟು ಕಾಯುವುದಿಲ್ಲ" ಎಂದರು.

ನಂತರ ಜಾಕಿ ಕೊಟ್ಟು, ಗಾಡಿ ಜಾರದಂತೆ ಕೆಳಗೆ ಮರದ ದಿಮ್ಮಿ ಇಟ್ಟು, ಚಕ್ರ ತಿರುಗಿಸಿದರು. ಸಲೀಸಾಗಿ ತಿರುಗಿತು. ಗುರುಗುಟ್ಟುವ ಸದ್ದಿಲ್ಲ, ಅಂದರೆ ಬೇರಿಂಗ್ ಸರಿ ಇದೆ. "ಆ ಗ್ಯಾರೇಜಿನವರು ಇಲ್ಲಿಗೇ ನಿಲ್ಲಿಸಿದ್ದಾರೆ. ರೋಗ ಕಾಣಿಸದ ಹೊತ್ತಿನಲ್ಲಿ ರೋಗಿಯನ್ನು ನೋಡಿದರೆ ಏನು ಗೊತ್ತಾಗುತ್ತದೆ? ನೀನು ಒಳಗೆ ಕೂತು ಬ್ರೇಕನ್ನು ಗಟ್ಟಿಯಾಗಿ ನಾಲ್ಕೈದು ಸಲ ಒತ್ತಿ ಬಿಡು" ಎಂದರು. ನಾನು ಒತ್ತಿ ಬಿಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಚಕ್ರ ತಿರುಗಿಸಲು ನೋಡಿದರು. ಅಲುಗಲಿಲ್ಲ. ನನ್ನ ಕಾಲು ಪೆಡಲಿನ ಮೇಲೆ ಇರಲೇ ಇಲ್ಲ!

ಬಲಬದಿಯ ಚಕ್ರವನ್ನೂ ಹಿಂದಿನ ಎರಡನ್ನೂ ಹಾಗೆಯೇ ಎತ್ತಿ ನೋಡಿದರು. ಮೂರೂ ತಕ್ಷಣ ಸಡಿಲವಾದವು. "ಬ್ರೇಕ್ ಆಯಿಲನ್ನು ಎಲ್ಲ ಚಕ್ರಕ್ಕೆ ಕಳಿಸುವುದು ಮಾಸ್ಟರ್ ಸಿಲಿಂಡರ್. ಅದು ಕೆಟ್ಟರೆ ಸಾಧಾರಣವಾಗಿ ಒಂದೇ ಚಕ್ರ ಹಿಡಿಯುವುದಿಲ್ಲ, ಜೊತೆಗೆ ಇನ್ನೊಂದಾದರೂ ಹಿಡಿಯಬೇಕು. ಹಾಗಾಗಿ ದೋಷ ಈ ಒಂದು ಚಕ್ರದ ದಾರಿಯಲ್ಲೇ ಇದೆ" ಎಂದರು.

ಆ ದಾರಿಯಲ್ಲಿ ಏನೇನಿದೆ ಎಂದು ಕಾಕ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಬಾನೆಟ್ಟಿನ ಕೆಳಗಿನಿಂದ ಒಂದು ಸಣ್ಣ ಉಕ್ಕಿನ ಪೈಪು ಬರುತ್ತದೆ. ಚಕ್ರ ಮೇಲೆ ಕೆಳಗೆ ಆಡುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ, ಆದ್ದರಿಂದ ಕೊನೆಯ ಒಂದು ಮೊಳದಷ್ಟು ದೂರ ಉಕ್ಕಿನ ಬದಲು ರಬ್ಬರಿನ ಹೋಸ್ ಪೈಪು ಇರುತ್ತದೆ. ಅದು ಕ್ಯಾಲಿಪರಿಗೆ ಸೇರುತ್ತದೆ. ಕ್ಯಾಲಿಪರಿನ ಒಳಗೆ ಒಂದು ಪಿಸ್ಟನ್. ಆಯಿಲ್ ತಳ್ಳಿದಾಗ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. "ಬಿಟ್ಟಾಗ ಹಿಂದಕ್ಕೆ ಎಳೆಯುವುದು ಯಾವುದು ಗೊತ್ತಾ? ಸ್ಪ್ರಿಂಗ್ ಇಲ್ಲ. ಪಿಸ್ಟನಿನ ಸುತ್ತ ಒಂದು ರಬ್ಬರ್ ಉಂಗುರ ಇದೆ. ಒತ್ತಿದಾಗ ಅದು ಚೂರು ಬಾಗುತ್ತದೆ. ಬಿಟ್ಟಾಗ ತನ್ನ ರೂಪಕ್ಕೆ ಮರಳುವಾಗ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಒತ್ತುವುದಕ್ಕೆ ನಿನ್ನ ಕಾಲಿನ ಬಲ ಇದೆ. ಬಿಡಿಸುವುದಕ್ಕೆ ಇರುವುದು ಆ ಉಂಗುರದ ಬಲ ಮಾತ್ರ" ಎಂದರು.

ಈಗ ಉಳಿದದ್ದು ಎರಡು ಪ್ರಶ್ನೆ. ಪಿಸ್ಟನೋ, ಕ್ಯಾಲಿಪರ್ ಜಾರುವ ಪಿನ್ನೋ ತುಕ್ಕು ಹಿಡಿದು ಸಿಕ್ಕಿಕೊಂಡಿದೆಯಾ? ಅಥವಾ ಆಯಿಲ್ ಹಿಂದೆ ಬಾರದೆ ಒಳಗೇ ಉಳಿದಿದೆಯಾ? ಮೊದಲನೆಯದಾದರೆ ಆ ಗ್ಯಾರೇಜಿನವರು ಹೇಳಿದಂತೆ ಕ್ಯಾಲಿಪರಿಗೇ ಖರ್ಚು ಬೀಳುತ್ತದೆ. ಕಾಕ ಕ್ಯಾಲಿಪರಿನಲ್ಲಿರುವ ಬ್ಲೀಡಿಂಗ್ ನಿಪ್ಪಲಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಸಿ, ಸ್ಪಾನರಿನಿಂದ ನಿಪ್ಪಲನ್ನು ಚೂರು ಸಡಿಲಿಸಿದರು. ಆಯಿಲ್ ಚಿಮ್ಮಿತು. ಮರುಕ್ಷಣವೇ ಅವರ ಇನ್ನೊಂದು ಕೈಯಲ್ಲಿದ್ದ ಚಕ್ರ ಸಲೀಸಾಗಿ ತಿರುಗಿತು. "ನೋಡು, ಪಿಸ್ಟನ್ ಸಿಕ್ಕಿಕೊಂಡಿದ್ದರೆ ಆಯಿಲ್ ಬಿಟ್ಟರೂ ಚಕ್ರ ಬಿಡುತ್ತಿರಲಿಲ್ಲ. ನಿನ್ನ 4,500 ಉಳಿಯಿತು" ಎಂದು ನಕ್ಕರು.

ಕೊನೆಯ ಪರೀಕ್ಷೆ ಉಳಿದಿತ್ತು. ನಿಪ್ಪಲ್ ಬಿಗಿದು, ಮತ್ತೆ ನನ್ನಿಂದ ಬ್ರೇಕ್ ಒತ್ತಿಸಿ ಬಿಡಿಸಿದರು. ಚಕ್ರ ಹಿಡಿಯಿತು. ಈ ಸಲ ಅವರು ಸಡಿಲಿಸಿದ್ದು ಮೇಲುಗಡೆ, ಉಕ್ಕಿನ ಪೈಪೂ ರಬ್ಬರ್ ಹೋಸೂ ಸೇರುವ ಜಾಗವನ್ನು. ಅಲ್ಲಿ ಎರಡು ಹನಿ ಜಿನುಗಿತೇ ಹೊರತು ಚಿಮ್ಮಲಿಲ್ಲ. ಚಕ್ರವೂ ಬಿಡಲಿಲ್ಲ. ಮೇಲೆ ಒತ್ತಡ ಇಲ್ಲ, ಕೆಳಗೆ ಇದೆ. ತಡೆ ಇರುವುದು ನಡುವಿನ ಒಂದು ಮೊಳ ರಬ್ಬರಿನಲ್ಲಿ.

ಹೊರಗಿನಿಂದ ಆ ಹೋಸಿಗೆ ಏನೂ ಆಗಿರಲಿಲ್ಲ. ಬಿರುಕಿಲ್ಲ, ಸೋರಿಕೆ ಇಲ್ಲ. ಕಾಕ ಅದನ್ನು ಬಿಚ್ಚಿ ತೆಗೆದು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗಿನ ಪದರ ಒಂದು ಕಡೆ ಹರಿದು ನಾಲಗೆಯಂತೆ ಎದ್ದು ನಿಂತಿತ್ತು. ಕಾಲಿನ ಬಲದಿಂದ ಆಯಿಲ್ ಒಳಗೆ ಹೋಗುವಾಗ ಆ ನಾಲಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಹಿಂದೆ ಬರುವಾಗ ದಾರಿಗೆ ಅಡ್ಡ ಮಲಗುತ್ತದೆ. ಆ ರಬ್ಬರ್ ಉಂಗುರದ ಸಣ್ಣ ಬಲಕ್ಕೆ ಅದನ್ನು ತಳ್ಳಿ ಬರಲಾಗದು. ಆಯಿಲ್ ಹನಿಹನಿಯಾಗಿ ಜಿನುಗಿ ಹಿಂದೆ ಬರಲು ಅರ್ಧ ಗಂಟೆ ಬೇಕು. ಬೆಳಿಗ್ಗೆ ಚಕ್ರ ಸಲೀಸಾಗಿ ತಿರುಗುತ್ತಿದ್ದುದರ ಗುಟ್ಟು ಅದು.

ಪೆಡಲ್ ಮೆತ್ತಗಾದದ್ದು ಯಾಕೆ ಎಂದು ಕೇಳಿದೆ. ಪ್ಯಾಡ್ ಬಿಡದೆ ಉಜ್ಜಿ ಉಜ್ಜಿ ಕ್ಯಾಲಿಪರ್ ಕಾದು ಆಯಿಲ್ ಕುದಿದದ್ದರಿಂದ ಎಂದರು. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಆಯಿಲಿಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದು ಹೋಗುತ್ತದೆ, ಬ್ರೇಕಿಗೆ ತಲುಪುವುದಿಲ್ಲ. ಮೊದಲು ಬಿಡದ ಬ್ರೇಕ್ ಕೊನೆಗೆ ಹಿಡಿಯದ ಬ್ರೇಕ್ ಆಗುವುದು ಹೀಗೆ. ನಮ್ಮ ಬಾಟಲಿಗೆ ಇಳಿದ ಆಯಿಲ್ ಕಪ್ಪು ಚಹಾದ ಹಾಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ನಾವು ಎಂದು ಬದಲಿಸಿದ್ದೆವೋ ನೆನಪೇ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಾಕ ಮೌನವಾದರು. ಸೀಳಿದ ಹೋಸನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತರು. ಅದರ ಮೈಮೇಲೆ ಉದ್ದಕ್ಕೆ ಒಂದು ಗೆರೆ ಇತ್ತು. ಹೋಸ್ ತಿರುಚಿದೆಯೇ ಎಂದು ತಿಳಿಯಲು ಆ ಗೆರೆ ಹಾಕುತ್ತಾರಂತೆ. ಬಿಚ್ಚುವ ಮೊದಲು ಅದು ಹೋಸನ್ನು ಒಂದು ಸುತ್ತು ಬಳಸಿತ್ತು. ಅವರು ಎದ್ದು ಬಲಬದಿಯ ಚಕ್ರದ ಹಿಂದೆ ಟಾರ್ಚ್ ಹಾಕಿ ನನ್ನನ್ನು ಕರೆದರು. ಅಲ್ಲಿ ಗೆರೆ ನೇರವಾಗಿತ್ತು. ಹೋಸ್ ತನ್ನ ಕ್ಲಿಪ್ಪಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

"ಬಲಬದಿ ಮಾಡಿದ್ದು ಹುಡುಗ. ಎಡಬದಿ ಮಾಡಿದ್ದು ನಾನು" ಎಂದರು ಕಾಕ.

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಶಾಕ್ ಅಬ್ಸಾರ್ಬರ್ ಬದಲಿಸುವಾಗ ಕ್ಯಾಲಿಪರ್ ಬಿಚ್ಚಿದರೆ ಅದನ್ನು ತಂತಿಯಿಂದ ಮೇಲೆ ಕಟ್ಟಿಡಬೇಕು. ಇಲ್ಲದಿದ್ದರೆ ಆ ಕಬ್ಬಿಣದ ಭಾರವೆಲ್ಲ ಹೋಸಿನ ಮೇಲೆ ಬೀಳುತ್ತದೆ. ಹುಡುಗ ಬಲಬದಿಯಲ್ಲಿ ತಂತಿ ಕಟ್ಟಿಯೇ ಕೆಲಸ ಮಾಡಿದ್ದ. ಎಡಬದಿಯ ಬುಷ್ ಸರಿ ಹೊಂದದೆ, ಬದಲಿಸಿ ತರಲು ಅವನನ್ನು ಪುತ್ತೂರಿಗೆ ಕಳಿಸಿ, ಆ ಬದಿಯನ್ನು ಕಾಕ ತಾನೇ ಬಿಚ್ಚಿದ್ದರು. ಅಷ್ಟರಲ್ಲಿ ಅಸರ್‌ನ ಬಾಂಗ್ ಕೇಳಿಸಿತು. ಹತ್ತು ನಿಮಿಷವಲ್ಲವೇ ಎಂದು ಕ್ಯಾಲಿಪರನ್ನು ನೇತಾಡಲು ಬಿಟ್ಟು ಮಸೀದಿಗೆ ಹೋದರು. ಮರಳಿ ಬಂದು ಜೋಡಿಸುವಾಗ ಅದು ಒಂದು ಸುತ್ತು ತಿರುಗಿದ್ದನ್ನು ಗಮನಿಸಲಿಲ್ಲ. "ಹನ್ನೊಂದು ವರ್ಷದ ರಬ್ಬರ್, ಒಳಗೆ ಮೊದಲೇ ಸೋತಿದ್ದಿರಬಹುದು. ಆದರೆ ಕೊನೆಯದಾಗಿ ಹರಿದದ್ದು ನನ್ನ ಕೈಯಲ್ಲೇ. ನಮಾಝಿಗೆ ಹೋದದ್ದು ತಪ್ಪಲ್ಲ. ಎರಡು ಸುತ್ತು ತಂತಿ ಕಟ್ಟಿ ಹೋಗಲು ಎಷ್ಟು ಹೊತ್ತು ಬೇಕಿತ್ತು?" ಎಂದರು.

ಈ ಮಾತನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಹಳೆಯ ರಬ್ಬರ್ ಹೋಯಿತು ಎಂದಿದ್ದರೆ ನಾನು ನಂಬುತ್ತಿದ್ದೆ. ಹುಡುಗನ ತಪ್ಪೆಂದಿದ್ದರೆ ಇನ್ನೂ ಸುಲಭವಾಗಿ ನಂಬುತ್ತಿದ್ದೆ. ನಾನೇ ಮೊದಲು ಹಾಗೆ ಹೇಳಿದವಳು.

"ಹುಡುಗ ಎಲ್ಲಿ ಕಾಕ?" ಎಂದು ಆಗ ಕೇಳಿದೆ.

"ಸೋಮವಾರ ನೀನು ಫೋನ್ ಮಾಡಿದೆಯಲ್ಲ, ಆ ಸಿಟ್ಟಿನಲ್ಲಿ ಅವತ್ತೇ ಕಳಿಸಿಬಿಟ್ಟೆ. ನಾನು ತಂತಿ ಕಟ್ಟಿದ್ದೆ ಕಾಕ ಅಂತ ಎರಡು ಸಲ ಹೇಳಿದ. ನಾನು ಕೇಳಲಿಲ್ಲ. ಈಗ ಮೀನಿನ ಲಾರಿಗೆ ಲೋಡಿಂಗಿಗೆ ಹೋಗ್ತಿದ್ದಾನಂತೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನು ಚಕ್ರ ತಿರುಗಿಸಿ ನೋಡದೆ ಹೇಳಿದೆ, ನಾನು ಚಕ್ರ ತಿರುಗಿಸಿ ನೋಡದೆ ನಂಬಿದೆ. ಇವತ್ತು ಇಷ್ಟು ಪರೀಕ್ಷೆ ಮಾಡಿದೆವಲ್ಲ, ಅವತ್ತು ಒಂದನ್ನೂ ಮಾಡಲಿಲ್ಲ" ಎಂದರು.

ಅಂದು ಮಧ್ಯಾಹ್ನದೊಳಗೆ ಎರಡೂ ಬದಿಗೆ ಹೊಸ ಹೋಸ್ ಬಂತು. ಒಂದು ಹೋದರೆ ಇನ್ನೊಂದೂ ಅದೇ ವಯಸ್ಸಿನದ್ದಲ್ಲವೇ. ಒಂದೊಂದಕ್ಕೆ ನಾಲ್ಕುನೂರು ರೂಪಾಯಿಯೊಳಗೆ. ಜೋಡಿಸಿದ ಮೇಲೆ ಕಾಕ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಹೋಸ್ ಎಲ್ಲೂ ಬಿಗಿಯುವುದಿಲ್ಲ, ಟಯರಿಗೆ ತಾಗುವುದಿಲ್ಲ ಎಂದು ನೋಡಿಕೊಂಡರು. ನಂತರ ಬ್ಲೀಡಿಂಗ್. ಹುಡುಗ ಇಲ್ಲದ್ದರಿಂದ ಪೆಡಲ್ ಒತ್ತುವ ಕೆಲಸ ನನ್ನದಾಯಿತು. "ಒತ್ತು... ಹಿಡಿ... ಈಗ ಬಿಡು." ನಾನು ಒತ್ತಿ ಹಿಡಿದಾಗ ಅವರು ನಿಪ್ಪಲ್ ಸಡಿಲಿಸುವುದು, ಅದನ್ನು ಬಿಗಿದ ಮೇಲೆಯೇ ನಾನು ಕಾಲು ತೆಗೆಯುವುದು. ಮೊದಲೇ ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆಯಿಲ್ಲದೆ ತಿಳಿಯಾದ ಆಯಿಲ್ ಬರುವ ತನಕ ನಾಲ್ಕೂ ಚಕ್ರಕ್ಕೆ ಹೀಗೆ ಮಾಡಿದೆವು. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬಂದು ಚಕ್ರಗಳ ಬಳಿ ಕೈ ಒಡ್ಡಿದೆ. ಎಡ ಬಲ ಎರಡೂ ಸಮನಾಗಿ ಬೆಚ್ಚಗಿದ್ದವು. ಅಲ್‌ಹಮ್ದುಲಿಲ್ಲಾಹ್! ಕಾಕ ಕೂಲಿ ತೆಗೆದುಕೊಳ್ಳಲಿಲ್ಲ. ಸಾಮಾನಿನ ಹಣವನ್ನು ನಾನು ಒತ್ತಾಯದಿಂದ ಕೊಟ್ಟೆ.

ಅಸರ್ ಆದ ಮೇಲೆ ನಾವಿಬ್ಬರೂ ಹುಡುಗನ ಮನೆಗೆ ಹೋದೆವು. ಅವನ ಉಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮನ್ನು ಕಂಡು ಎದ್ದು ಕೂರಲು ಚಾಪೆ ಹಾಸಿದರು, ಆದರೆ ಮುಖದಲ್ಲಿ ನಗುವಿರಲಿಲ್ಲ. ಕಾಕ ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದರು. "ತಪ್ಪು ನನ್ನದು. ನಾಳೆಯಿಂದ ಅವನು ಬರಲಿ. ಈ ಆರು ದಿನದ ಸಂಬಳವೂ ಇದೆ" ಎಂದು ಹಣವನ್ನು ಚಾಪೆಯ ಮೇಲಿಟ್ಟರು. ನಾನು, "ಮೊದಲು ಹೆಸರು ಹೇಳಿದ್ದು ನಾನು, ನನ್ನನ್ನು ಕ್ಷಮಿಸಿ" ಎಂದೆ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನೇ ನೋಡಿದರು. "ನಿಮ್ಮ ಮಾಮಿಗೆ ಏನೂ ಆಗಲಿಲ್ಲವಲ್ಲ, ಅಲ್ಲಾಹನಿಗೆ ಸ್ತುತಿ. ಆದರೆ ಕಾಕನಿಗೆ ಮಾಡಿದ ಫೋನು ನನ್ನ ಮಗನಿಗೆ ಮಾಡಬಹುದಿತ್ತಲ್ಲ? ನೀನು ಏನು ಮಾಡಿದೆ ಅಂತ ಒಂದು ಮಾತು ಕೇಳಬಹುದಿತ್ತಲ್ಲ? ನನ್ನ ಮಗ ಕೆಲಸ ಕೆಡಿಸಿ ಬಂದ ಅಂತ ಇಡೀ ಓಣಿಗೆ ಗೊತ್ತಾಯಿತು. ಅವನು ಕೆಡಿಸಲಿಲ್ಲ ಅಂತ ಯಾರು ಹೇಳುತ್ತಾರೆ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಬಾಯಿಯಿಂದ ಹೊರಟ ಮಾತು ಕೂಡಾ ಆ ಹೋಸಿನೊಳಗಿನ ಆಯಿಲಿನಂತೆ, ಹೋಗುವಾಗ ಒಂದೇ ಒತ್ತಿಗೆ ಹೋಗುತ್ತದೆ, ಹಿಂದೆ ತರಲು ಹೊರಟಾಗ ದಾರಿ ಮುಚ್ಚಿರುತ್ತದೆ. ನಂತರದ ದಿನಗಳಲ್ಲಿ ನಾನು ನೆರೆಹೊರೆಯವರಲ್ಲಿ, ಮೈದುನನಲ್ಲಿ, ದಮ್ಮಾಮಿನಲ್ಲಿದ್ದ ಪತಿಯಲ್ಲಿ, ಯಾರ್ಯಾರಲ್ಲಿ ಆ ಹುಡುಗನನ್ನು ದೂರಿದ್ದೆನೋ ಅವರೆಲ್ಲರಲ್ಲಿ ಒಬ್ಬೊಬ್ಬರಾಗಿ ನಿಜ ಸಂಗತಿ ಹೇಳಿದೆ. ಹೇಳಿದ್ದು ಎಲ್ಲರ ಕಿವಿಗೂ ತಲುಪಿತೆಂಬ ಭರವಸೆ ನನಗೆ ಇಂದಿಗೂ ಇಲ್ಲ.

ಹುಡುಗ ಸಂಜೆ ಬಂದ. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತ. ಕಾಕ ಕಿಸೆಯಿಂದ ಸೀಳಿದ ಹೋಸ್ ತೆಗೆದು ಅವನ ಕೈಗೆ ಕೊಟ್ಟರು. ಅವನು ಕ್ಷಮೆಯ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ, ಬೆಳಕಿಗೆ ಹಿಡಿದು ಒಳಗಿನ ನಾಲಗೆಯನ್ನು ಬೆರಳಿನಿಂದ ಅತ್ತ ಇತ್ತ ಆಡಿಸುತ್ತಾ, "ನಿಪ್ಪಲ್ ಬಿಟ್ಟು ನೋಡಿದಿರಾ ಕಾಕ? ಮೇಲಿನ ಜಾಯಿಂಟ್?" ಎಂದು ಕೇಳಿದ. ಮರುದಿನ ಬೆಳಿಗ್ಗೆ ನಾನು ಮಾಮಿಯನ್ನು ಕರೆದುಕೊಂಡು ಮಂಗಳೂರಿಗೆ ಹೊರಟಾಗ ಅವನು ಗ್ಯಾರೇಜಿನ ಅಂಗಳ ಗುಡಿಸುತ್ತಿದ್ದ.

ಸಹೋದರಿಯರೇ, ನಿಮ್ಮಲ್ಲಿ ಹಲವರು ಇಂದು ಸ್ವತಃ ಕಾರು ಓಡಿಸುತ್ತೀರಿ. ಶಾಕ್ ಅಬ್ಸಾರ್ಬರ್, ಬುಷ್ ಮುಂತಾದ ಕೆಲಸ ಮಾಡಿಸಿದ ಮೇಲೆ ದೂರ ಪ್ರಯಾಣ ಹೋಗುವ ಮೊದಲು ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕೂ ಚಕ್ರಗಳ ಬಳಿ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಹೆಚ್ಚು ಬಿಸಿಯಾಗಿದ್ದರೆ, ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲಿನಲ್ಲಿ ತಳ್ಳಿದರೂ ಕಾರು ಚಲಿಸದಿದ್ದರೆ, ಪೆಡಲ್ ಮೆತ್ತಗಾದರೆ ಮುಂದೆ ಹೋಗಬೇಡಿ. ಘಾಟಿ ಇಳಿಯುವ ಸಾಹಸವನ್ನಂತೂ ಮಾಡಲೇಬೇಡಿ. ಕ್ಯಾಲಿಪರ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಮೊದಲು ನಿಪ್ಪಲ್ ಸಡಿಲಿಸಿ ಚಕ್ರ ಬಿಡುತ್ತದೆಯೇ ನೋಡಿ ಎಂದು ಹೇಳಿ. ಹೀಗೆ ಕೇಳಲು ಮೆಕ್ಯಾನಿಕ್ ಆಗಿರಬೇಕೆಂದಿಲ್ಲ.

ಇನ್ನೊಂದು ಮಾತು. ಸುದ್ದಿ ಬಂದಾಗ ಅದನ್ನು ಪರಿಶೀಲಿಸಬೇಕು, ಗುಮಾನಿಗಳಿಂದ ದೂರವಿರಬೇಕು ಎಂಬ ಸೂರಃ ಅಲ್ ಹುಜುರಾತ್‌ನ ಪಾಠವನ್ನು ನಾನು ಮದ್ರಸದಲ್ಲಿ ಚಿಕ್ಕಂದಿನಲ್ಲೇ ಕಲಿತಿದ್ದೆ. ಅದು ಊರಿನ ಜಗಳಗಳಿಗೆ, ದೊಡ್ಡ ದೊಡ್ಡ ಸಂಗತಿಗಳಿಗೆ ಸಂಬಂಧಿಸಿದ್ದು ಎಂದುಕೊಂಡಿದ್ದೆ. ಮಾಣಿಯ ರಸ್ತೆ ಬದಿಯಲ್ಲಿ ಕೈಯಲ್ಲಿ ಫೋನ್ ಹಿಡಿದು ಕೂತಾಗಲೂ ಅದು ನನಗೇ ಹೇಳಿದ ಮಾತು ಎಂದು ತಿಳಿಯಲು ನನಗೆ ಆರು ದಿನ ಬೇಕಾಯಿತು. ಆ ಆರು ದಿನ ಒಬ್ಬ ಬಡ ತಾಯಿಯ ಮಗ ಮೀನಿನ ಪೆಟ್ಟಿಗೆ ಹೊತ್ತ.

ಮಾಮಿ ಈಗ ನಮ್ಮೊಂದಿಗಿಲ್ಲ. ಆ ಆಲ್ಟೊವನ್ನೂ ಮಾರಿಯಾಯಿತು. ಆದರೆ ಯಾರ ಮೇಲಾದರೂ ಸಿಟ್ಟು ಬಂದು ಫೋನ್ ಎತ್ತಿಕೊಂಡಾಗಲೆಲ್ಲ ಮಾಮಿಯ ಮಾತು ನೆನಪಾಗುತ್ತದೆ: ಬೈಯುವುದು ಬೇರೆ, ಕೇಳುವುದು ಬೇರೆ. ಆಗ ಮೊದಲು ಕೇಳುತ್ತೇನೆ. ಬೈಯುವ ಅಗತ್ಯ ಹೆಚ್ಚಿನ ಸಲ ಬರುವುದೇ ಇಲ್ಲ.